ಆಮೆನ್‌ಗೆ ಮುಂಚಿನ ಅರವತ್ತಮೂರು ನಿಮಿಷ

ಸರ್ಕಾರದ ಕಡತದ ಪ್ರಕಾರ ಪೈನಿ ಫೋರ್ಕ್‌ನಲ್ಲಿ ವಾಸನೆ ಇರಲಿಲ್ಲ. ಮೂಗಿದ್ದವರ ಪ್ರಕಾರ ಇತ್ತು.

ಉತ್ತರ ಕೆರೊಲೈನಾದ ಪೂರ್ವ ಭಾಗದಲ್ಲಿ, ಕ್ಯಾರಿ ಪಟ್ಟಣದಿಂದ ತೊಂಬತ್ತೆರಡು ಮೈಲಿ ದೂರದಲ್ಲಿ, ಜೋಳದ ಹೊಲಗಳ ನಡುವೆ ಈ ಊರಿದೆ. ಮೂವತ್ತೊಂದು ಮನೆ, ಒಂದು ಚರ್ಚು, ಒಂದು ಸ್ಮಶಾನ. ಮೂವತ್ತೊಂದೂ ಕಪ್ಪು ಜನರ ಮನೆಗಳು. ಗುಲಾಮರಾಗಿ ಉತ್ತ ನೆಲವನ್ನೇ ಬಿಡುಗಡೆಯಾದ ಮೇಲೆ ತುಂಡು ತುಂಡಾಗಿ ಕೊಂಡವರ ವಂಶ ಅದು. ಊರಿನ ಪಶ್ಚಿಮಕ್ಕೆ ನಾನೂರು ಗಜ ನಡೆದರೆ ಹಂದಿಗಳು. ಎಂಟು ಉದ್ದನೆಯ ತಗಡಿನ ಶೆಡ್ಡು. ಆರು ಸಾವಿರದ ನಾನೂರು ಹಂದಿ. ಅವು ಹೇತದ್ದೂ ಹೊಯ್ದದ್ದೂ ಶೆಡ್ಡಿನ ನೆಲದ ಸಂದಿಗಳಿಂದ ಇಳಿದು ಒಂದು ತೆರೆದ ಹೊಂಡವನ್ನು ಸೇರುತ್ತವೆ. ಮಾಲೀಕರು ಅದನ್ನು 'ಲಗೂನು', ಅಂದರೆ ಕಡಲಂಚಿನ ತಿಳಿಗೊಳ, ಎನ್ನುತ್ತಾರೆ. ಕೇಳಿದವರಿಗೆ ದೋಣಿ ವಿಹಾರಕ್ಕೆ ಹೋಗಬೇಕೆನ್ನಿಸುವ ಹೆಸರು. ಹೊಂಡ ತುಂಬಿದಾಗ, ನಮ್ಮ ರೈತರು ರೇನ್ ಗನ್ ಎನ್ನುತ್ತಾರಲ್ಲ, ಅಂಥ ಯಂತ್ರದಿಂದ ಅದರ ನೀರನ್ನು ಹೊಲಕ್ಕೆ ಎರಚುತ್ತಾರೆ. ಗಾಳಿ ಪಶ್ಚಿಮದಿಂದ ಬೀಸಿದರೆ ಹೊಲದ ಪಾಲು ಹೊಲಕ್ಕೆ, ಊರಿನ ಪಾಲು ಊರಿಗೆ.

ಚರ್ಚಿನ ಪಕ್ಕದ ಮೊದಲ ಮನೆ ಮಿಸ್ ವರ್ನೆಲ್ ಫೇಸನ್ ಅವರದು. ವಯಸ್ಸು ಎಪ್ಪತ್ತೆಂಟು. ಹತ್ತೊಂಬತ್ತು ವರ್ಷ ಅವರು ಹಂದಿ ಕಡಿಯುವ ಕಾರ್ಖಾನೆಯಲ್ಲಿ ದುಡಿದರು. ದಿನಕ್ಕೆ ಎಂಟು ಗಂಟೆ ನಿಲ್ಲಬೇಕು. ಕೊಕ್ಕೆಗೆ ನೇತುಬಿದ್ದು ಬರುವ ಹಂದಿಯ ಭುಜ ಬಿಡಿಸಬೇಕು. ನಿಮಿಷಕ್ಕೆ ಹದಿನಾರು. ಉಚ್ಚೆಗೆ ಹೋಗಬೇಕೆಂದರೆ ಕೈ ಎತ್ತಿ ಕೇಳಬೇಕು. ಇಲ್ಲ ಎಂದರೆ ಕಟ್ಟಿಕೊಂಡು ನಿಲ್ಲಬೇಕು. ಆ ಕೆಲಸ ಅವರ ಎಡಗೈಯ ಹೆಬ್ಬೆರಳನ್ನು ಮಡಚದಂತೆ ಮಾಡಿತು. ಉಳಿದ ನಾಲ್ಕು ಬೆರಳುಗಳಿಗೆ ಇಕ್ಕಳದ ಹಿಡಿತ ಕೊಟ್ಟಿತು. ಇಷ್ಟು ಸಾಕು ಎಂದು ಕೆಲಸ ಬಿಟ್ಟು ಮನೆಗೆ ಬಂದು ಕೂತರೆ, ಹಂದಿಗಳೇ ಅವರನ್ನು ಹುಡುಕಿಕೊಂಡು ಪಕ್ಕದ ಹೊಲಕ್ಕೆ ಬಂದವು. ಅಂದಿನಿಂದ ಆ ಮನೆಯ ಪಶ್ಚಿಮದ ಕಿಟಕಿ ತೆರೆದಿಲ್ಲ. ಒಗೆದ ಬಟ್ಟೆ ಹಜಾರದಲ್ಲೇ ಒಣಗುತ್ತದೆ. ಬಾವಿಯ ನೀರಿನಿಂದ ನೆಲ ಮಾತ್ರ ಒರೆಸುತ್ತಾರೆ. ಅವರ ಜೊತೆಗಿರುವ ತಂಗಿ ಮಿಸ್ ಡೆಲೋರಿಸ್‌ಗೆ ಎಪ್ಪತ್ತೊಂದು ವರ್ಷ, ಆಸ್ತಮಾ. ಆಸ್ತಮಾ ಅವರ ನಡಿಗೆ, ನಿದ್ದೆ, ಹಾಡು ಮೂರನ್ನೂ ನಿಲ್ಲಿಸಿತ್ತು. ಮಾತನ್ನು ನಿಲ್ಲಿಸಲು ಅದರಿಂದ ಆಗಿರಲಿಲ್ಲ.

ರೇಣುಕಾದೇವಿ ಈ ಮನೆಗೆ ಬಂದದ್ದು ಒಂದು ಬಾಟಲಿಯ ಹಿಂದೆ. ಗದಗಿನ ಹುಡುಗಿ, ಇಪ್ಪತ್ತಾರು ವರ್ಷ, ರಸಾಯನಶಾಸ್ತ್ರದಲ್ಲಿ ಎರಡು ಪದವಿ. ಕ್ಯಾರಿಯ ಸಮೀಪದ ನೀರು ಪರೀಕ್ಷಿಸುವ ಲ್ಯಾಬಿನಲ್ಲಿ ಕೆಲಸ. 2022ರ ಆಗಸ್ಟಿನಲ್ಲಿ ಬಾವಿಯ ನೀರಿನ ಬಾಟಲಿಯೊಂದು ಅವಳ ಮೇಜಿಗೆ ಬಂತು. ಅದಕ್ಕೊಂದು ಚೀಟಿ ಅಂಟಿಸಿತ್ತು: 'ನೀರನ್ನು ನೋಡಿದ ಮೇಲೆ ದಯವಿಟ್ಟು ಬಾಟಲಿಯನ್ನು ಮೂಸಿಯೂ ನೋಡಿ.' ಲ್ಯಾಬಿನ ನಮೂನೆಯಲ್ಲಿ ಮೂಸುವುದಕ್ಕೆ ಅಂಕಣವಿರಲಿಲ್ಲ. ರೇಣುಕಾ ಮೂಸಿದಳು. ಮುಂದಿನ ಶನಿವಾರ ಕಾರು ಹತ್ತಿ ಹೊರಟಳು.

ಮಿಸ್ ವರ್ನೆಲ್ ಬಾಗಿಲು ತೆರೆದು ಅವಳನ್ನು ಮೇಲಿಂದ ಕೆಳಗೆ ನೋಡಿ ಮೊದಲು ಕೇಳಿದ್ದು, ಉಂಡಿದ್ದೀಯಾ ಎಂದು. ಆಡಿದ್ದು ಇಂಗ್ಲಿಷಿನಲ್ಲೇ. ಆದರೆ ಆ ಎಳೆತ, ಆ ಗದರಿಕೆ, ಮಾತಿನ ಕೊನೆಗೆ ಮಗಳೇ ಎನ್ನುವ ಆ ರೀತಿ ರೇಣುಕಾಳ ಕಿವಿಗೆ ಗದಗಿನ ಓಣಿಯ ಕನ್ನಡವಾಗಿಯೇ ಇಳಿಯಿತು. ಆದ್ದರಿಂದ ಇಲ್ಲಿಯೂ ಅವರು ಹಾಗೆಯೇ ಮಾತಾಡುತ್ತಾರೆ.

"ಮುಂಜಾನಿಂದ ಏನರ ತಿಂದೀಯೋ ಇಲ್ಲೋ? ಮಾರಿ ನೋಡು, ಒಣಗಿದ ಬದನಿಕಾಯಿ ಆಗೈತಿ. ವಿಜ್ಞಾನ ಆಮ್ಯಾಲ. ಮೊದ್ಲ ಕೂಡ್ರು."

ರೇಣುಕಾ ಕೂತಳು. ಮೀನು ತಿಂದಳು. ಆಮೇಲೆ ವಿಜ್ಞಾನ ಹೇಳಿದಳು. ವಾಸನೆಗೆ ಸೊನ್ನೆಯಿಂದ ಐದರವರೆಗೆ ಅಂಕ ಕೊಡಬೇಕು. ದಿನಾಂಕ, ಗಂಟೆ, ಗಾಳಿಯ ದಿಕ್ಕು ಬರೆಯಬೇಕು. ಸೊನ್ನೆ ಎಂದರೆ ಇಲ್ಲ, ಐದು ಎಂದರೆ ಅಸಹನೀಯ. ಮಿಸ್ ಡೆಲೋರಿಸ್ ಕನ್ನಡಕ ಏರಿಸಿಕೊಂಡು ಆ ಹಾಳೆಯನ್ನು ಓದಿದರು.

"ಅಸಹನೀಯ ಅಂದ್ರ ಯಾರ ಅಳತೀಲೆ? ನಾವು ಎಲ್ಲಾನೂ ಸಹಿಸೇವಿ. ಹಂಗ ನೋಡಿದ್ರ ಈ ಊರಾಗ ಐದು ಅನ್ನೂದು ಬರೂದ ಇಲ್ಲ." ಅವರೇ ಅಂಚಿನಲ್ಲಿ ಹೊಸ ಅಳತೆ ಬರೆದರು. "ಒಂದಂದ್ರ, ಕಿಟಕಿ ಹಾಕು. ಎರಡಂದ್ರ, ಅರಿವಿ ಒಳಗ ತಾ. ಮೂರಂದ್ರ, ಪಾದ್ರಿ ತನ್ನಷ್ಟಕ್ಕ ತಾನ ಪ್ರವಚನ ಮುಗಸ್ತಾನ. ನಾಕಂದ್ರ, ನಾಯಿ ಒಳಗ ಬರ್ತೈತಿ. ಐದಂದ್ರ, ನಾಯಿ ಊರು ಬಿಡ್ತೈತಿ."

ರೇಣುಕಾ ಒಂದು ನಿಮಿಷ ಯೋಚಿಸಿದಳು. ಅಳತೆ ಸ್ಪಷ್ಟವಾಗಿತ್ತು. ಯಾರು ಅಳೆದರೂ ಒಂದೇ ಉತ್ತರ ಬರುವಂತಿತ್ತು. ಅದನ್ನೇ ಟೈಪು ಮಾಡಿ ಮೂವತ್ತೊಂದು ಮನೆಗೂ ಹಂಚಿದಳು. ಹದಿಮೂರು ತಿಂಗಳಲ್ಲಿ ಎರಡು ಸಾವಿರದ ನೂರ ಹದಿನೆಂಟು ದಾಖಲೆಗಳಾದವು. ನಾಯಿ ಹನ್ನೊಂದು ಸಲ ಊರು ಬಿಟ್ಟಿತ್ತು.

ಆದರೆ ರಾಜ್ಯದ ಪರಿಸರ ಇಲಾಖೆ ಊರಿನವರ ಮೂಗನ್ನು ಒಪ್ಪುವುದಿಲ್ಲ. ಇಲಾಖೆಗೆ ಬೇಕಾದದ್ದು ಇಲಾಖೆಯ ಮೂಗು. ನಿಯಮ ಹೀಗಿತ್ತು: ದೂರು ಬಂದ ವರ್ಷದಲ್ಲಿ ತಪಾಸಣಾಧಿಕಾರಿ ಮೂರು ಸಲ ಬಂದು ಖುದ್ದಾಗಿ ಮೂಸುತ್ತಾರೆ. ಬರುವ ಇಪ್ಪತ್ತನಾಲ್ಕು ಗಂಟೆ ಮೊದಲು ಹಂದಿಗಳ ಮಾಲೀಕರಿಗೆ ತಿಳಿಸುತ್ತಾರೆ. ಮೂರೂ ಸಲ ವಾಸನೆ ದೃಢಪಡದಿದ್ದರೆ ಕಡತ ಮುಚ್ಚುತ್ತದೆ. ಮಾಲೀಕರು ಕೇಳಿರುವ ಎರಡನೆಯ ಹೊಂಡಕ್ಕೆ ಅನುಮತಿ ಸಿಗುತ್ತದೆ. ಆ ಹೊಂಡ ಬರುವುದು ಸ್ಮಶಾನದ ಬೇಲಿಯಿಂದ ಅರವತ್ತು ಗಜ ದೂರಕ್ಕೆ. ಒಂದೇ ಒಂದು ಸಲ ದೃಢಪಟ್ಟರೂ ಸಾಕು, ಊರಿನವರ ಅಹವಾಲು ಕೇಳದೆ ಅನುಮತಿ ಕೊಡುವಂತಿಲ್ಲ.

ಮೂಗಿನ ಹೆಸರು ವೇಡ್ ಹೋಲ್ಕಂಬ್. ಐವತ್ತು ದಾಟಿದ ಬಿಳಿಯ. ದೊಡ್ಡ ಹೊಟ್ಟೆ, ದೊಡ್ಡ ವಿನಯ. ಮಾತಿಗೊಮ್ಮೆ 'ಮ್ಯಾಮ್' ಎನ್ನುವವರು. 2023ರ ಮಾರ್ಚಿನಲ್ಲಿ ಒಂದು ಸಲ ಬಂದರು, ಜೂನಿನಲ್ಲಿ ಮತ್ತೊಂದು ಸಲ. ಎರಡೂ ಸಲ ಹನ್ನೊಂದಕ್ಕೆ ಬಂದು, ಅಂಗಳದಲ್ಲಿ ಹತ್ತು ನಿಮಿಷ ನಿಂತು, ಹನ್ನೆರಡಕ್ಕೆ ಮೇಜಿನ ಮುಂದೆ ಕೂತು, ಹನ್ನೆರಡೂ ಮುಕ್ಕಾಲಿಗೆ ಹೊಟ್ಟೆ ಸವರಿಕೊಂಡು ಕಾರು ಹತ್ತಿದರು. ಮಿಸ್ ವರ್ನೆಲ್ ಮನೆಗೆ ಬಂದವರು ಉಣ್ಣದೆ ಹೋದ ದಾಖಲೆ ಆ ಊರಿನಲ್ಲಿ ಇಲ್ಲ. ಜೋಳದ ಹಿಟ್ಟಿನಲ್ಲಿ ಹೊರಳಿಸಿ ಕರಿದ ಮೀನು, ಬೇಯಿಸಿದ ಸೊಪ್ಪು, ಸಿಹಿಗೆಣಸಿನ ಕಡುಬು. ಹೋಲ್ಕಂಬ್ ಸಾಹೇಬರು ಮೂರು ತಟ್ಟೆ ಉಂಡರು. ಎರಡು ವಾರದ ಮೇಲೆ ಅಂಚೆಯಲ್ಲಿ ಒಂದೇ ಸಾಲು ಬಂತು: 'ಹಂದಿಸಾಕಣೆಯ ವಾಸನೆ ದೃಢಪಟ್ಟಿಲ್ಲ.' ಜೂನಿನಲ್ಲೂ ಅದೇ ಸಾಲು.

ಯಾಕೆ ಎಂಬುದು ರೇಣುಕಾಳಿಗೆ ಹೊಳೆಯಲಿಲ್ಲ. ತಪಾಸಣೆ ಎಂದರೆ ಯಂತ್ರ ನಿಲ್ಲಿಸುತ್ತಾರೆ, ಅದು ಸರಿ. ಆದರೆ ಹೊಂಡ ಎಲ್ಲಿಗೆ ಹೋಗುತ್ತದೆ? ಹೊಂಡದ್ದೇ ಎರಡು ಅಂಕದ ವಾಸನೆಯಿತ್ತಲ್ಲ. ಉತ್ತರ ಸಿಕ್ಕಿದ್ದು ಕ್ಯಾರಿಯಲ್ಲಿ, ಮೈಥಿಲಿ ಆಂಟಿಯ ಗ್ಯಾರೇಜಿನಲ್ಲಿ.

ಮೈಥಿಲಿ ಆಂಟಿ ಮೈಸೂರಿನವರು. ಅವರ ಮನೆಯ ಮೇಲಿನ ಕೋಣೆಯಲ್ಲಿ ರೇಣುಕಾ ಬಾಡಿಗೆಗಿದ್ದಳು. ಪೈನಿ ಫೋರ್ಕ್‌ಗೆ ಹೋಗಿಬರುವ ಶನಿವಾರಗಳಂದು ಅವಳಿಗೆ ಮುಂಬಾಗಿಲಿನಿಂದ ಪ್ರವೇಶವಿಲ್ಲ. ಗ್ಯಾರೇಜಿನಲ್ಲಿ ಬಟ್ಟೆ ಬದಲಿಸಿ, ಕೈಕಾಲು ತೊಳೆದು, ಹಿಂದಿನ ಮೆಟ್ಟಿಲಿನಿಂದ ಹತ್ತಬೇಕು. ಅಡುಗೆಮನೆಯ ಕಡೆ ಸುಳಿಯುವಂತಿಲ್ಲ. ರೇಣುಕಾಳಿಗೆ ಇದು ಹೊಸದಲ್ಲ. ಅವಳ ಅವ್ವ ಶಾಂತವ್ವ ಗದಗಿನ ನಗರಸಭೆಯಲ್ಲಿ ಬೀದಿ ಗುಡಿಸಿದವಳು, ಚರಂಡಿ ಬಳಿದವಳು. ಶಾಲೆಯಲ್ಲಿ ರೇಣುಕಾಳ ಬೆಂಚಿನಲ್ಲಿ ಯಾವಾಗಲೂ ಜಾಗ ಖಾಲಿ. ಮೂಗು ಮುಚ್ಚಿಕೊಳ್ಳುವವರ ಮುಂದೆ ಹೇಗೆ ನಿಲ್ಲಬೇಕೆಂದು ಅವಳು ಆರನೆಯ ವಯಸ್ಸಿಗೇ ಕಲಿತಿದ್ದಳು.

ಜೂನಿನ ತಪಾಸಣೆಗೆ ಹೋಗಿ, ಸಾಹೇಬರ ಹಿಂದೆಯೇ ಹೊರಟು ಬಂದ ಸಂಜೆ ಗ್ಯಾರೇಜಿನ ಬಾಗಿಲು ಏರುತ್ತಿದ್ದಂತೆ ಮೈಥಿಲಿ ಆಂಟಿ ದುಪಟ್ಟಾ ಮೂಗಿಗೊತ್ತಿಕೊಂಡು ಕಾಣಿಸಿಕೊಂಡರು.

"ರೇಣುಕಾ, ಐ ಆ್ಯಮ್ ಸಾರಿ, ಇದು ಟೂ ಮಚ್ ಆಯ್ತು. ಎವ್ರಿ ಸ್ಯಾಟರ್ಡೇ ಆ ಪಿಗ್ ಸ್ಮೆಲ್ ನಾನು ಟಾಲರೇಟ್ ಮಾಡ್ಕೊಂಡಿದೀನಿ. ಆದ್ರೆ ಮೀನು? ಇವತ್ತು ಹಂದಿ ಒಂಚೂರೂ ಇಲ್ಲ, ತಲೆಯಿಂದ ಕಾಲ್ತನಕ ಬರೀ ಮೀನು! ಮಾರ್ಚಲ್ಲೂ ಒಂದ್ಸಲ ಹೀಗೇ ಬಂದಿದ್ದೆ, ನಂಗೆ ನೆನಪಿದೆ. ಆವತ್ತು ಎರಡು ಸಲ ಸಾಂಬ್ರಾಣಿ ಹಾಕ್ದೆ."

ರೇಣುಕಾ ಒಂದು ಕಾಲಿನ ಶೂ ಕೈಯಲ್ಲಿ ಹಿಡಿದು ಹಾಗೆಯೇ ನಿಂತಳು. "ಆಂಟಿ, ಇನ್ನೊಮ್ಮೆ ಹೇಳ್ರಿ. ಹಂದಿ ವಾಸನಿ ಒಟ್ಟ ಇಲ್ಲಾ?"

"ಇಲ್ಲಮ್ಮ! ಮೀನು ಅದನ್ನ ಕಂಪ್ಲೀಟ್ ಆಗಿ ಮುಚ್ಚಿಬಿಟ್ಟಿದೆ."

"ಮಾರ್ಚ್‌ನಾಗೂ?"

"ಮಾರ್ಚಲ್ಲೂ. ನನ್ನ ಮೂಗು ಸುಳ್ಳು ಹೇಳಲ್ಲ."

"ಆಂಟಿ," ಎಂದಳು ರೇಣುಕಾ, "ಈ ರಾಜ್ಯದಾಗ ನಿಮ್ಮಂಥ ಮೂಗು ಇನ್ನೊಂದಿಲ್ಲ. ಇಲಾಖೆ ನಿಮ್ಮನ್ನ ನೌಕರಿಗೆ ತಗೋಬೇಕಿತ್ತು." ಮೈಥಿಲಿ ಆಂಟಿಗೆ ಇದು ಹೊಗಳಿಕೆಯೋ ಬೈಗುಳವೋ ತಿಳಿಯಲಿಲ್ಲ. ರೇಣುಕಾ ಬಟ್ಟೆ ಬದಲಿಸಲಿಲ್ಲ. ಶೂ ಕೆಳಗಿಟ್ಟು, ಬರಿಗಾಲಲ್ಲಿ ಅಡುಗೆಮನೆಯ ನಡುವಿನಿಂದಲೇ ನಡೆದು ಮೆಟ್ಟಿಲು ಹತ್ತಿದಳು.

ಅದೇ ವಾರ ಇಲಾಖೆಗೆ ಬರೆದು ಹೋಲ್ಕಂಬ್ ಸಾಹೇಬರ ಸ್ಥಳ ಟಿಪ್ಪಣಿಯ ಪೂರ್ಣ ಪ್ರತಿ ತರಿಸಿದಳು. ಮಾರ್ಚಿನ ಹಾಳೆಯಲ್ಲಿ ಹೀಗಿತ್ತು: 'ಗುರುತಿಸಿದ ವಾಸನೆ: ಕರಿದ ಮೀನು. ತೀವ್ರತೆ: ನಾಲ್ಕು. ಸ್ವರೂಪ: ಹಿತಕರ.' ಜೂನಿನ ಹಾಳೆಯಲ್ಲಿ: 'ಕರಿದ ಮೀನು, ಸಿಹಿಗೆಣಸು. ತೀವ್ರತೆ: ಐದು. ಸ್ವರೂಪ: ಅತ್ಯಂತ ಹಿತಕರ.' ತನ್ನ ದಾಖಲೆಯನ್ನೂ ತೆರೆದು ನೋಡಿದಳು. ಆ ಎರಡು ದಿನಗಳ ಮಧ್ಯಾಹ್ನದ ಅಂಕಣ ಖಾಲಿಯಿತ್ತು. ಕೈಗೆ ಎಣ್ಣೆಯಾಗಿದ್ದರಿಂದ ಪೆನ್ನು ಹಿಡಿದಿರಲಿಲ್ಲ. ಎರಡು ಪದವಿ ಪಡೆದವಳು ಕೂಡ ಮೂರು ತಟ್ಟೆ ಉಂಡಿದ್ದಳು.

ಊರಿನವರ ದಾಖಲೆಯಲ್ಲಿ ಇನ್ನೊಂದು ಸಂಗತಿಯಿತ್ತು. ಮಾರ್ಚಿನಲ್ಲಿ ಯಂತ್ರ ಮತ್ತೆ ಶುರುವಾದದ್ದು ಒಂದು ಗಂಟೆ ಐದು ನಿಮಿಷಕ್ಕೆ. ಜೂನಿನಲ್ಲಿ ಒಂದು ಗಂಟೆ ನಾಲ್ಕು ನಿಮಿಷಕ್ಕೆ. ಸಾಹೇಬರು ಹನ್ನೆರಡೂ ಮುಕ್ಕಾಲಿಗೆ ಹೊರಡುತ್ತಾರೆಂಬುದು ಮಾಲೀಕರಿಗೆ ಬಾಯಿಪಾಠವಾಗಿತ್ತು. ಅವರ ಗಡಿಯಾರ ನಿಂತಿದ್ದದ್ದು ಸಾಹೇಬರ ಹೊಟ್ಟೆಯ ಮೇಲೆ.

ಉಳಿದದ್ದು ಒಂದೇ ತಪಾಸಣೆ. ಅಕ್ಟೋಬರ್ ಹತ್ತೊಂಬತ್ತು, ಗುರುವಾರ. ಹಿಂದಿನ ಶನಿವಾರ ರೇಣುಕಾ ಎರಡೂ ತಪಾಸಣೆಗಳ ಗಂಟೆ, ವಾಸನೆ ಗುರುತಿಸಿದ ಎರಡು ನಕ್ಷೆ ಹಿಡಿದು ಅಕ್ಕತಂಗಿಯರ ಎದುರು ಕೂತಳು. "ಆವತ್ತು ಒಲೆ ಹಚ್ಚಬಾರದು. ಮತ್ತೆ ಅವರು ಒಂದು ಗಂಟೆ ದಾಟುವವರೆಗೂ ಇಲ್ಲೇ ಇರಬೇಕು."

ಮಿಸ್ ವರ್ನೆಲ್ ನಕ್ಷೆಯನ್ನು ನೋಡಲೇ ಇಲ್ಲ. "ಮನೀಗೆ ಬಂದಾವನ್ನ ಹಸಗೊಂಡು ಕಳಸೂದಾ? ನಮ್ಮವ್ವ ಗೋರ್ಯಾಗಿಂದ ಎದ್ದು ಬಂದು ನನ್ನ ಕಪಾಳಕ್ಕ ಬಿಡ್ತಾಳ."

"ಎರಡನೇ ಹೊಂಡಾ ಆತಂದ್ರ ಅವ್ವಗ ಎದ್ದೇಳೂ ಕೆಲಸಾನೂ ತಪ್ಪತೈತಿ," ಎಂದರು ಮಿಸ್ ಡೆಲೋರಿಸ್. "ತೇಲಿಕೋತನ ಬರ್ತಾಳ."

"ನಿನ್ನ ಬಾಯಿಗೆ ಬೆಂಕಿ ಹಾಕ. ಅನ್ನ ಹಾಕೂದ್ರಾಗ ಏನ ತಪ್ಪೈತಿ? ಒಂದು ಕಾಲಕ್ಕ ಬಿಳೇ ಮಂದಿ ನಮ್ಮ ಮೇಜಿಗೆ ಕೂಡ್ತಿದ್ದಿಲ್ಲ. ಇಂವ ಕುಂತ. ಕುಂತು ಉಂಡ. ಅದಕ್ಕೊಂದು ಬೆಲಿ ಇಲ್ಲೇನು?"

ಅಲ್ಲಿಯವರೆಗೆ ರೇಣುಕಾ ತನ್ನ ಅವ್ವನ ವಿಷಯ ಆ ಮನೆಯಲ್ಲಿ ಎತ್ತಿರಲಿಲ್ಲ. ಎತ್ತಿದಳು. ಗದಗಿನಲ್ಲಿ ಅವರ ಓಣಿಯ ಚರಂಡಿ ನೋಡಲು ವರ್ಷಕ್ಕೊಮ್ಮೆ ನಗರಸಭೆಯ ಸಾಹೇಬರು ಬರುತ್ತಿದ್ದರು. ಶಾಂತವ್ವ ಸ್ಟೀಲಿನ ಲೋಟವನ್ನು ಬೂದಿ ಹಾಕಿ ತಿಕ್ಕಿ, ನೀರು ತುಂಬಿ, ಬಾಗಿಲಲ್ಲಿ ಹಿಡಿದು ನಿಲ್ಲುತ್ತಿದ್ದಳು. ಸಾಹೇಬರು ಓಣಿಯ ಬಾಯಲ್ಲೇ ಕರವಸ್ತ್ರ ಹಿಡಿದು ನಿಂತು, 'ಚರಂಡಿ ಸ್ವಚ್ಛವಾಗಿದೆ' ಎಂದು ಬರೆದು ಹೋಗುತ್ತಿದ್ದರು. ಒಂಬತ್ತು ವರ್ಷ ಶಾಂತವ್ವ ಲೋಟ ಹಿಡಿದಳು. ಒಂಬತ್ತು ವರ್ಷವೂ ಆ ನೀರನ್ನು ತುಳಸಿ ಗಿಡಕ್ಕೆ ಸುರಿದಳು.

"ಅವರು ನಮ್ಮ ಮನೆಯ ನೀರು ಮುಟ್ಟಲಿಲ್ಲ. ಇವರು ನಿಮ್ಮ ಮನೆಯಲ್ಲಿ ಮೂರು ತಟ್ಟೆ ಉಂಡರು," ಎಂದಳು ರೇಣುಕಾ. "ಇಬ್ಬರೂ ಬರೆದದ್ದು ಒಂದೇ ಸಾಲು."

ಮಿಸ್ ವರ್ನೆಲ್ ಎದ್ದು ಮೀನು ಕರಿಯುವ ಕಬ್ಬಿಣದ ಬಾಣಲೆಯನ್ನು ಒಲೆಯ ಮೇಲಿನಿಂದ ತೆಗೆದು ಕೆಳಗಿನ ಕಪಾಟಿನೊಳಗೆ ತಳ್ಳಿದರು. ಸೊಂಟ ಹಿಡಿದುಕೊಂಡು ನಿಧಾನವಾಗಿ ನೆಟ್ಟಗಾದರು.

"ಒಲಿ ಹಚ್ಚೂದಿಲ್ಲ. ಒಂದು ಗಂಟಿ ತನಕಾ ಅವನ್ನ ಕೂಡ್ಸೂದು ನನಗ ಬಿಡು."

"ಹೇಗೆ?"

"ನನಗ ಬಿಡು ಅಂದೆ."

ರೇಣುಕಾಳಿಗೆ ಕಾರ್ಯವಿಧಾನ ಗೊತ್ತಿಲ್ಲದ ಪ್ರಯೋಗಗಳೆಂದರೆ ಭಯ. ಆ ನಾಲ್ಕು ದಿನ ಅವಳು ಸರಿಯಾಗಿ ನಿದ್ದೆ ಮಾಡಲಿಲ್ಲ.

ಗುರುವಾರ ಗಾಳಿ ಪಶ್ಚಿಮದಿಂದ ಗಂಟೆಗೆ ಏಳು ಮೈಲಿ. ಹನ್ನೊಂದಕ್ಕೆ ಸಾಹೇಬರ ಬಿಳಿ ಕಾರು ಬಂತು. ಹತ್ತು ನಿಮಿಷ ಅಂಗಳದಲ್ಲಿ ನಿಂತರು, ಮೂಗೆತ್ತಿದರು, ಅಡುಗೆಮನೆಯ ಕಡೆಗೇ ಎತ್ತಿದರು. ಮುಖದಲ್ಲಿ ಸಣ್ಣ ಗೊಂದಲ ಸುಳಿಯಿತು. ಆದರೂ ಒಳಗೆ ಬಂದು ನಮೂನೆ ತುಂಬುವ ನೆಪದಲ್ಲಿ ಒಂದು ಗಂಟೆ ಕಳೆದರು. ಹನ್ನೆರಡು ದಾಟಿತು. ಮೇಜಿನ ಮೇಲೆ ಬಿಳಿಯ ಬಟ್ಟೆಯಿತ್ತು, ನಾಲ್ಕು ತಟ್ಟೆ, ನಾಲ್ಕು ಮುಳ್ಳುಚಮಚ. ಪಶ್ಚಿಮದ ಕಿಟಕಿ ಪೂರ್ತಿ ತೆರೆದಿತ್ತು. ಅದನ್ನು ತೆಗೆಯಲು ಬೆಳಿಗ್ಗೆ ರೇಣುಕಾ ಸುತ್ತಿಗೆ ಬಳಸಬೇಕಾಗಿತ್ತು.

"ಊಟ ರೆಡಿ ಆಗ್ತಾ ಇದೆ ಅನ್ಸುತ್ತೆ ಮ್ಯಾಮ್?" ಎಂದರು ಸಾಹೇಬರು.

"ಮೊದ್ಲ ಪ್ರಾರ್ಥನಾ," ಎಂದರು ಮಿಸ್ ವರ್ನೆಲ್. "ಕೈ ಕೊಡ್ರಿ."

ಊಟಕ್ಕೆ ಮೊದಲು ಮೇಜಿನ ಸುತ್ತ ಕೈ ಕೈ ಹಿಡಿದು, ತಲೆ ತಗ್ಗಿಸಿ, ಕಣ್ಣು ಮುಚ್ಚಿ ದೇವರಿಗೆ ಕೃತಜ್ಞತೆ ಹೇಳುವುದು ಆ ನಾಡಿನ ರೂಢಿ. ಬಿಳಿಯರಿಗೂ ಕರಿಯರಿಗೂ ಒಂದೇ ರೂಢಿ. 'ಆಮೆನ್' ಎನ್ನುವವರೆಗೆ ಕೈ ಬಿಡುವಂತಿಲ್ಲ, ಕಣ್ಣು ತೆರೆಯುವಂತಿಲ್ಲ, ಏಳುವ ಮಾತಂತೂ ಇಲ್ಲವೇ ಇಲ್ಲ. ಹೋಲ್ಕಂಬ್ ಸಾಹೇಬರು ಚಿಕ್ಕಂದಿನಲ್ಲಿ ಒಮ್ಮೆ ಒಂದು ಕಣ್ಣು ತೆರೆದದ್ದಕ್ಕೆ ಅವರ ತಾಯಿ ಮರದ ಸೌಟಿನಿಂದ ಬಾರಿಸಿದ್ದರಂತೆ. ಮಾರ್ಚಿನ ಊಟದಲ್ಲಿ ಅವರೇ ನಗುತ್ತಾ ಹೇಳಿದ್ದರು. ಸಾಮಾನ್ಯವಾಗಿ ಇದು ಅರ್ಧ ನಿಮಿಷದ ಕೆಲಸ. ಸಾಹೇಬರು ಎಡಗೈಯನ್ನು ಮಿಸ್ ಡೆಲೋರಿಸ್‌ಗೂ ಬಲಗೈಯನ್ನು ಮಿಸ್ ವರ್ನೆಲ್‌ಗೂ ಕೊಟ್ಟರು. ಮಿಸ್ ವರ್ನೆಲ್‌ರ ನಾಲ್ಕು ಬೆರಳು ಮುಚ್ಚಿಕೊಂಡವು. ಗಂಟೆ ಹನ್ನೆರಡು ಹದಿನೆಂಟು.

"ತಂದೀ," ಎಂದರು ಮಿಸ್ ವರ್ನೆಲ್, "ಈ ಮೇಜಿಗೆ ನಮ್ಮನ್ನ ಕೂಡ್ಸಿದಿ, ನಿನ್ನ ಉಪಕಾರ. ಈ ಮೇಜು ಮಾಡಿದ ನಮ್ಮ ಅಜ್ಜಗೂ ಉಪಕಾರ. ಆ ಅಜ್ಜನ ಹೆಸರು ಎಲೈಜಾ. ಅವನ ಹೆಂಡ್ತಿ ಹೆಸರು ಪೇಶನ್ಸ್. ಅವರಿಗೆ ಹದಿಮೂರು ಮಕ್ಕಳು, ತಂದೀ..."

"ಹೌದ್ ನೋಡಪಾ ತಂದಿ," ಎಂದರು ಮಿಸ್ ಡೆಲೋರಿಸ್.

ಹದಿಮೂರು ಮಕ್ಕಳ ಹೆಸರೂ ಬಂತು. ಅವರ ಮಕ್ಕಳದ್ದೂ ಬಂತು. ರೇಣುಕಾಳ ಒಂದು ಕಣ್ಣು ಮುಚ್ಚಿತ್ತು, ಇನ್ನೊಂದು ಗೋಡೆಯ ಗಡಿಯಾರದ ಮೇಲಿತ್ತು. ಹನ್ನೆರಡೂ ಮುಕ್ಕಾಲಿಗೆ ಮಿಸ್ ವರ್ನೆಲ್ ಸ್ಮಶಾನದ ಮೂರನೆಯ ಸಾಲಿನಲ್ಲಿದ್ದರು. ಯಾರು ಯಾವ ರೋಗದಿಂದ ಸತ್ತರು, ಯಾರ ಪುಪ್ಪುಸದಲ್ಲಿ ಏನಿತ್ತು, ಯಾರು ಕೊನೆಯ ಉಸಿರಿನಲ್ಲಿ ಕಿಟಕಿ ತೆಗೆಯಿರಿ ಎಂದರು, ತೆಗೆಯಲು ಯಾಕೆ ಆಗಲಿಲ್ಲ. ಸಾಹೇಬರ ಹೊಟ್ಟೆ ಗೊರ್ ಎಂದಿತು. ಕೆಮ್ಮಿನ ನಡುವೆ ಅವರು ಮೆಲ್ಲಗೆ "ಆಮೆನ್" ಎಂದು ತೇಲಿಬಿಟ್ಟು ನೋಡಿದರು.

"ಇನ್ನ ಆಗಿಲ್ಲ ಮಗಾ," ಎಂದರು ಮಿಸ್ ಡೆಲೋರಿಸ್, ಕಣ್ಣು ಮುಚ್ಚಿಕೊಂಡೇ. "ಈಗ ನಿಮ್ಮವ್ವನ ಹೆಸರಿಗೆ ಬರಾಕತ್ತಾಳ."

"ತಂದೀ, ಈ ವೇಡನ್ನ ಹಡೆದ ತಾಯಿಗೆ ಒಳ್ಳೇದು ಮಾಡು. ಅಕಿ ಮೊಣಕಾಲಿಗೆ ಒಳ್ಳೇದು ಮಾಡು. ಇವನ ದೊಡ್ಡ ಸಾಹೇಬರಿಗೂ ಒಳ್ಳೇದು ಮಾಡು, ಅವರಿಗೆ ಇಲ್ಲೀತನಕಾ ಬರಾಕ ಆಗಿಲ್ಲ, ಅವರ ಕಾರಿನ ಗಾಲಿಗೂ ಒಳ್ಳೇದು ಮಾಡು. ಆರು ಸಾವಿರದ ನಾನೂರು ಹಂದಿಗೂ ಒಳ್ಳೇದು ಮಾಡು ತಂದೀ, ಅವೂ ನೀನ ಹುಟ್ಟಿಸಿದ್ದು, ತಪ್ಪು ಅವುಗಳದಲ್ಲ..."

ಒಂದು ಗಂಟೆ ನಾಲ್ಕು ನಿಮಿಷಕ್ಕೆ ದೂರದಲ್ಲಿ ಪಂಪು ಕೆಮ್ಮಿತು. ಚಟ್ ಚಟ್ ಚಟ್ ಎಂದು ರೇನ್ ಗನ್ ತಿರುಗತೊಡಗಿತು. ಒಂದು ಗಂಟೆ ಏಳಕ್ಕೆ ಕಿಟಕಿಯ ಪರದೆ ಒಳಕ್ಕೆ ಉಬ್ಬಿತು. ಅದರ ಹಿಂದೆಯೇ ಅದು ಬಂತು.

ವಾಸನೆ ಎಂಬುದು ತೀರಾ ಸಭ್ಯ ಪದ. ಅದು ಬಂದು ನಾಲಿಗೆಯ ಮೇಲೆ ಕೂತಿತು. ಗಂಟಲಿಗೆ ಇಳಿಯಿತು. ಕಣ್ಣು ಉರಿಯಿತು. ಮಿಸ್ ಡೆಲೋರಿಸ್ ಒಂದು ಕೈಯಿಂದ ಇನ್‌ಹೇಲರ್ ಎಳೆದು, ಮತ್ತೆ ರೇಣುಕಾಳ ಕೈ ಹಿಡಿದರು. ಸಾಹೇಬರ ಮುಖ ಮೊದಲು ಬಿಳಿಚಿತು, ಆಮೇಲೆ ಹಸಿರಾಯಿತು. ಮುಚ್ಚಿದ ರೆಪ್ಪೆಗಳಿಂದ ನೀರು ಕೆನ್ನೆಗಿಳಿಯಿತು. ಕೈ ಎಳೆದು ನೋಡಿದರು. ಹತ್ತೊಂಬತ್ತು ವರ್ಷ ಹಂದಿ ಬಿಡಿಸಿದ ಬೆರಳುಗಳು ಅಲುಗಲಿಲ್ಲ.

"ಮ್ಯಾಮ್..." ಎಂದರು ಸಾಹೇಬರು. "ಮ್ಯಾಮ್, ಪ್ರಾರ್ಥನೆ..."

"ತಂದೀ, ಈ ಮಗಗ ಏನೋ ಮೂಗಿಗೆ ಬಂದಂಗ ಕಾಣ್ತೈತಿ. ಬಂದದ್ದನ್ನ ಬರಿಯೂ ಶಕ್ತಿ ಕೊಡು."

"ಕೊಡಪಾ ತಂದಿ. ಪೆನ್ನು ಅವನ ಕಿಸೇದಾಗ ಐತಿ," ಎಂದರು ಮಿಸ್ ಡೆಲೋರಿಸ್.

"ನನ್ನ ತಪಾಸಣೆ ಸಮಯ ಹನ್ನೆರಡಕ್ಕೇ ಮುಗ್ದಿದೆ ಮ್ಯಾಮ್. ಆಮೇಲೆ ಬಂದಿದ್ದು ಅಫಿಶಿಯಲ್ ಅಲ್ಲ."

ಆಗ ರೇಣುಕಾ ಬಾಯಿ ತೆರೆದಳು. ಆ ಮೇಜಿನಲ್ಲಿ ಅದು ಅವಳ ಮೊದಲ ಪ್ರಾರ್ಥನೆ. "ದೇವರೇ, ನಿಯಮಾವಳಿಯ ನಾಲ್ಕನೆಯ ಪುಟದಲ್ಲಿ, ಅಧಿಕಾರಿ ಸ್ಥಳ ಬಿಟ್ಟು ಹೊರಡುವವರೆಗಿನ ಅವಧಿಯೆಲ್ಲ ತಪಾಸಣೆಯ ಅವಧಿ ಎಂದು ಬರೆಸಿದ ನಿನಗೆ ಕೃತಜ್ಞತೆಗಳು."

"ಅನ್ನು ಮಗಳ, ಅನ್ನು!" ಎಂದರು ಮಿಸ್ ಡೆಲೋರಿಸ್.

ಮಿಸ್ ವರ್ನೆಲ್ ಸಾಹೇಬರ ಬಲಗೈಯನ್ನು ಮಾತ್ರ ಬಿಟ್ಟರು. ಎಡಗೈ ತಂಗಿಯ ವಶದಲ್ಲೇ ಇತ್ತು. ಸಾಹೇಬರು ಎರಡು ಕಣ್ಣನ್ನೂ ಮುಚ್ಚಿಕೊಂಡೇ ಕಿಸೆ ತಡಕಿ, ಪೆನ್ನು ತೆಗೆದು, ಒಂದು ಕಣ್ಣು ಸೀಳಿನಷ್ಟು ತೆರೆದು ಬರೆದರು.

"ಏನ ಬರದ್ಯೋ ಅದನ್ನ ದೇವರಿಗೆ ಕೇಳೂಹಂಗ ಓದು."

"ಹಂದಿಸಾಕಣೆಯ ವಾಸನೆ ದೃಢಪಟ್ಟಿದೆ. ತೀವ್ರತೆ: ಮೂರು."

"ತಂದೀ," ಎಂದು ಮಿಸ್ ವರ್ನೆಲ್ ಉಸಿರೆಳೆದುಕೊಂಡರು, "ಈಗ ನಮ್ಮ ಸೋದರತ್ತೀ ಕಡೇ ಮಂದೀನ ನಿನ್ನ ಪಾದಕ್ಕ ಒಪ್ಪಸ್ತೇನಿ. ಅವರು ಇಪ್ಪತ್ತೇಳು ಜನಾ..."

ಪೆನ್ನು ಸರಕ್ಕೆಂದಿತು. "ನಾಲ್ಕು."

"ಅವರೊಳಗ ಹಿರೀ ಮಗಳ ಹೆಸರು ಹೆನ್ರಿಯೆಟ್ಟಾ..."

"ಐದು! ಐದು ಮ್ಯಾಮ್. ಐದು ಅಂತ ಬರ್ದಿದೀನಿ. ಸ್ವರೂಪ: ಅಸಹನೀಯ. ಸಹಿ ಹಾಕಿದೀನಿ."

ರೇಣುಕಾ ಹಾಳೆಯನ್ನು ಎಳೆದುಕೊಂಡಳು. ದಿನಾಂಕ, ಗಂಟೆ, ಗಾಳಿಯ ದಿಕ್ಕು, ಸಹಿ ಎಲ್ಲವನ್ನೂ ಮೇಲಿಂದ ಕೆಳಗೆ ಎರಡು ಸಲ ಓದಿದಳು. ಫೋಟೊ ತೆಗೆದಳು. ಮಿಸ್ ವರ್ನೆಲ್ ಕಡೆ ತಿರುಗಿ ತಲೆಯಾಡಿಸಿದಳು.

"ಆಮೆನ್," ಎಂದರು ಮಿಸ್ ವರ್ನೆಲ್. ಒಂದು ಗಂಟೆ ಇಪ್ಪತ್ತೊಂದು ನಿಮಿಷ.

ಸಾಹೇಬರು ಕಣ್ಣು ತೆರೆದು ತಟ್ಟೆ ನೋಡಿದರು. ತಟ್ಟೆಯಲ್ಲಿ ಕಿಟಕಿಯ ಬೆಳಕು ಬಿಟ್ಟರೆ ಏನೂ ಇರಲಿಲ್ಲ. "ಮತ್ತೆ... ಊಟ?"

"ಇವತ್ತ ಅಡಗಿ ಮಾಡಿಲ್ಲ." ಅದನ್ನು ಹೇಳುವಾಗ ಮಿಸ್ ವರ್ನೆಲ್‌ರ ದನಿ ನಡುಗಿತು. ಅರವತ್ತಮೂರು ನಿಮಿಷದ ಪ್ರಾರ್ಥನೆಯಲ್ಲಿ ನಡುಗದ ದನಿ ಅದು. ಆದರೆ ಅವರು ತಲೆ ತಗ್ಗಿಸಲಿಲ್ಲ.

ಸಾಹೇಬರು ಕರವಸ್ತ್ರ ಮೂಗಿಗೊತ್ತಿಕೊಂಡು ಅಂಗಳಕ್ಕೆ ಓಡಿದರು. ಕಾರಿನ ಮುಂದೆ ನಿಂತುಬಿಟ್ಟರು. ಬಿಳಿ ಕಾರಿನ ಮೇಲೆಲ್ಲ ಕಂದು ಹನಿಗಳ ತುಂತುರು ಇಳಿದಿತ್ತು. ಒಳಗೆ ಕೂತು ವೈಪರ್ ಹಾಕಿದರು. ಗಾಜಿನ ಮೇಲಿನ ಹನಿಗಳೆಲ್ಲ ಕೂಡಿ ದಪ್ಪನೆಯ ಎರಡು ಕಮಾನಾದವು. ರಸ್ತೆ ಪೂರ್ತಿ ಮರೆಯಾಯಿತು. ಅವರು ಇಳಿದು ಬಂದು ಜಗಲಿಯ ಕೆಳಗೆ ನಿಂತರು. ಯಾರನ್ನು ಕೇಳಬೇಕೆಂದು ತಿಳಿಯದೆ ಮೂವರನ್ನೂ ನೋಡಿದರು. ಕೊನೆಗೆ ಕಣ್ಣು ನಿಂತದ್ದು ರೇಣುಕಾಳ ಮೇಲೆ.

"ಇದನ್ನ ಯಾರಾದ್ರೂ ಸ್ವಲ್ಪ ಕ್ಲೀನ್ ಮಾಡಿಕೊಡ್ತೀರಾ?"

ಮಿಸ್ ಡೆಲೋರಿಸ್ ನಗಲು ಹೋಗಿ ಕೆಮ್ಮಿದರು. ರೇಣುಕಾ ಒಳಗೆ ಹೋಗಿ ಬಾವಿಯ ನೀರಿನ ಬಕೆಟ್ಟೊಂದನ್ನೂ ಹಳೆಯ ಬಟ್ಟೆಯ ತುಂಡನ್ನೂ ತಂದಳು. ಸಾಹೇಬರ ಕಾಲ ಬಳಿ ಇಟ್ಟಳು.

"ನೀವೇ ತಿಕ್ಕಿ," ಎಂದಳು.

ಮೂವರೂ ಜಗಲಿಯ ಕುರ್ಚಿಗಳನ್ನು ಕಾರಿನ ಕಡೆಗೆ ತಿರುಗಿಸಿಕೊಂಡು ಕೂತರು. ಹೋಲ್ಕಂಬ್ ಸಾಹೇಬರು ತೋಳು ಮಡಚಿದರು, ಬಟ್ಟೆ ಅದ್ದಿದರು, ಬಗ್ಗಿದರು.

"ಮ್ಯಾಲಿಂದ ಕೆಳಗ ತಿಕ್ಕು ಮಗಾ," ಎಂದರು ಮಿಸ್ ವರ್ನೆಲ್. "ಮೂಲ್ಯಾಗ ಹಂಗ ಉಳದೈತಿ."